ಬೇಡದ ತಂತಿ

“ಸರ್ವರ್ ಕೆಟ್ಟಿದ್ರೆ ಈಗ್ಲೇ ಹೇಳ್ಬಿಡಿ,” ಎಂದಳು ಯಜಮಾನಿ, ತಲೆಯ ಮೇಲೇ ನಿಂತು. “ನಾಳೆಯಿಂದ ಬರೋಕೆ ಹೊಸಬರು ರೆಡಿ ಇದಾರೆ. ಹದಿಮೂರು ವರ್ಷ ನಿಮ್ಮ ಮುಖ ನೋಡ್ಕೊಂಡು ಸುಮ್ಮನಿದ್ದೆ.”

ಮೇಜಿನ ಕೆಳಗೆ ಮಂಡಿಯೂರಿದ್ದ ಡಬ್ಬಿ ಮೇಡಂ ಟಾರ್ಚನ್ನು ಇನ್ನಷ್ಟು ಒಳಕ್ಕೆ ಹಿಡಿದಳು. ಕಂಪ್ಯೂಟರ್ ರಿಪೇರಿಗೆ ಬರುವ ಆಕೆಯನ್ನು ಈ ಹಲ್ಲು ಕಟ್ಟುವ ಕಾರ್ಖಾನೆಯಲ್ಲಿ ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಬೇರೆ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ಕೈಬಿಟ್ಟಿದ್ದರು. ಇದೊಂದೂ ಹೋದರೆ ಐವತ್ತೇಳನೇ ವಯಸ್ಸಿನಲ್ಲಿ ಇಡೀ ದಿನ ಮನೆಯಲ್ಲಿ ಕೂತು ಸೊಸೆಯ ಮುಖ ನೋಡಬೇಕು, ಸೊಸೆ ಅವಳ ಮುಖ ನೋಡಬೇಕು. ಇಬ್ಬರಿಗೂ ಅದು ಬೇಕಿರಲಿಲ್ಲ.

ಬೆಳಗ್ಗೆ ಹತ್ತರಿಂದ ಹನ್ನೊಂದು ಕಂಪ್ಯೂಟರುಗಳಿಗೂ ಸರ್ವರ್ ಕಾಣುತ್ತಿರಲಿಲ್ಲ. ಯಾವ ದವಡೆ ಯಾರದು, ಯಾರಿಗೆ ಯಾವ ಬಣ್ಣದ ಹಲ್ಲು, ಎಲ್ಲ ಅದರ ಹೊಟ್ಟೆಯಲ್ಲೇ ಇತ್ತು. ಟ್ರೇಗಳಲ್ಲಿ ಹಲ್ಲಿನ ಸೆಟ್ಟುಗಳು ಕಿಸಿಯುತ್ತ ಬಿದ್ದಿದ್ದವು. ಕಟ್ಟುವವರು ಮಾತ್ರ ಮುಖ ಗಂಟು ಹಾಕಿಕೊಂಡು ಕೂತಿದ್ದರು.

ಕೇಬಲ್ ನೋಡಿದಳು, ಸರಿಯಿತ್ತು. ಸರ್ವರನ್ನು ಆರಿಸಿ ಹಚ್ಚಿದಳು, ಅದೂ ಆಯಿತು. ಕೊನೆಗೆ ಸರ್ವರ್ ತಾನೇ ಬರೆದುಕೊಳ್ಳುವ ದಾಖಲೆ ತೆರೆದಾಗ ಹತ್ತು ಗಂಟೆ ನಾಲ್ಕು ನಿಮಿಷದ ಸಾಲು ಸಿಕ್ಕಿತು: ಈ ನೆಟ್‌ವರ್ಕಿನಲ್ಲಿ ಇನ್ನೊಬ್ಬರು ವಿಳಾಸ ಹಂಚುತ್ತಿದ್ದಾರೆ, ನಾನು ನಿಲ್ಲಿಸಿದ್ದೇನೆ. ಕಂಪ್ಯೂಟರುಗಳು ಒಂದನ್ನೊಂದು ಹುಡುಕಲು ಬೇಕಾದ ವಿಳಾಸ ಕೊಡುವುದು ಸರ್ವರಿನ ಕೆಲಸ. ಆದರೆ ಈ ಹಳೆಯ ವಿಂಡೋಸ್ ಸರ್ವರಿಗೆ ಅತಿ ಮರ್ಯಾದೆ. ಬೇರೊಂದು ಡಬ್ಬಿ ಆ ಕೆಲಸಕ್ಕೆ ಕೈ ಹಾಕಿದರೆ ಜಗಳವಾಡದೆ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತದೆ. ಮನೆಯಲ್ಲಿ ಡಬ್ಬಿ ಮೇಡಂ ಮಾಡುವುದೂ ಅದನ್ನೇ.

ಅವಳಿಗೆ ಹೋದ ಜೀವ ಬಂದಂತಾಯಿತು. ಸರ್ವರ್ ಕೆಟ್ಟಿಲ್ಲ, ಯಾರೋ ಏನನ್ನೋ ತಂದು ಸಿಕ್ಕಿಸಿದ್ದಾರೆ. ಆ ಕಳ್ಳ ಡಬ್ಬಿಯನ್ನು ಯಜಮಾನಿಯ ಮೇಜಿನ ಮೇಲೆ ಕುಕ್ಕಿದರೆ ಸಾಕು. ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಯಲ್ಲಿ, ಎಂದೂ ದೀಪ ಹತ್ತದ ಒಂದು ತೂತು ಮಿನುಗುತ್ತಿತ್ತು. ಪಕ್ಕದಲ್ಲಿ ಅವಳೇ ಬರೆದು ಅಂಟಿಸಿದ ಚೀಟಿ: ಅಚ್ಚಿನ ಕೋಣೆ. ಅಲ್ಲಿ ಕಂಪ್ಯೂಟರೇ ಇರಲಿಲ್ಲ.

ದವಡೆಯ ಅಚ್ಚು ತೆಗೆಯುವ ಅಚ್ಚಿನಣ್ಣ ಮೊಣಕೈವರೆಗೆ ಬಿಳಿಯಾಗಿ ಪ್ಲಾಸ್ಟರ್ ಕಲಸುತ್ತಿದ್ದ. ಕಿಟಕಿಯ ಬಳಿ, ಸಿಮ್ ಹಾಕಿದರೆ ಇಂಟರ್‌ನೆಟ್ ಕೊಡುವ ಪುಟ್ಟ ಡಬ್ಬಿ. ಅದರಿಂದ ಹಳದಿ ತಂತಿಯೊಂದು ಗೋಡೆಯ ನೆಟ್‌ವರ್ಕ್ ತೂತಿಗೆ ಹೋಗಿತ್ತು. ಪ್ಲಾಸ್ಟರ್ ಚೀಲಕ್ಕೆ ಒರಗಿಸಿದ್ದ ಫೋನಿನಲ್ಲಿ ಹಾಸಿಗೆಯ ಮೇಲೆ ಒಬ್ಬ ಹೆಂಗಸು ಮಲಗಿದ್ದಳು.

“ನನ್ನ ಹೆಂಡ್ತಿ,” ಎಂದ ಅವನು, ಕೇಳುವ ಮೊದಲೇ. “ಲಕ್ವ ಹೊಡ್ದು ಮಾತು ಹೋಗಿದೆ. ಮಗಳು ಇವತ್ತಿಂದ ಕೆಲಸಕ್ಕೆ ಹೋಗ್ತಿದಾಳೆ. ಅದಕ್ಕೇ ಇಲ್ಲಿಂದ ನೋಡ್ಕೊಳ್ತಾ ಇದೀನಿ. ಯಜಮಾನಿಯವರಿಗೆ ಹೇಳ್ಬೇಡಿ ಮೇಡಂ. ಒಳಗೆ ಫೋನ್ ಕಂಡ್ರೆ ಮನೆಗೆ ಕಳಿಸ್ತೀನಿ ಅಂದಿದಾರೆ.”

“ಇದು ಸಿಮ್ ಡಬ್ಬಿ ಅಲ್ವಾ? ತಂತಿ ಯಾಕೆ ಹಾಕಿದ್ರಿ?”

“ನೀವೇ ಹೇಳಿದ್ರಲ್ಲ, ತಂತಿ ಹಾಕದೆ ಯಾವ ಡಬ್ಬಿನೂ ಕೆಲಸ ಮಾಡಲ್ಲ ಅಂತ.”

ಹೇಳಿದ್ದು ನಿಜ. ಎಂದೋ ಪ್ರಿಂಟರ್ ಕೆಟ್ಟಿದೆ ಎಂದು ಕರೆಸಿದಾಗ, ಕಳಚಿದ್ದ ತಂತಿ ತೋರಿಸಿ ತಮಾಷೆಗೆ ಅಂದಿದ್ದಳು. ಅವಳು ಅದನ್ನು ಮರೆತೇಬಿಟ್ಟಿದ್ದಳು. ಅವನು ವೇದವಾಕ್ಯದಂತೆ ಇಟ್ಟುಕೊಂಡಿದ್ದ.

“ಪಾಪ, ಬೆಳಗ್ಗಿಂದ ಒಳ್ಳೇ ನಿದ್ದೆ,” ಎಂದ ಅಚ್ಚಿನಣ್ಣ, ಫೋನಿನ ಕಡೆ ನೋಡುತ್ತ. “ಒಂದ್ಸಲಾನೂ ಹೊರಳಿಲ್ಲ.”

ಡಬ್ಬಿ ಮೇಡಂ ಬಗ್ಗಿ ನೋಡಿದಳು. ಹಾಸಿಗೆಯ ಹಿಂದಿನ ಗಡಿಯಾರದಲ್ಲಿ ಇನ್ನೂ ಹತ್ತು ಗಂಟೆ ಹತ್ತು ನಿಮಿಷ. ಅವಳ ಕೈಗಡಿಯಾರದಲ್ಲಿ ಹನ್ನೆರಡು ನಲವತ್ತು. ಹನ್ನೊಂದು ಕಂಪ್ಯೂಟರುಗಳ ಭಾರವೆಲ್ಲ ಈ ಒಂದು ಸಿಮ್ಮಿನ ಮೇಲೆ ಬಿದ್ದು ಚಿತ್ರ ನಿಂತುಹೋಗಿತ್ತು. ಅವಳು ಹಳದಿ ತಂತಿ ಕಿತ್ತಳು.

ಅವನು ಬೇಡ ಬೇಡ ಎಂದು ಕೈ ಚಾಚಿದ. ಚಿತ್ರ ಒಡೆದು, ಕದಡಿ, ಮತ್ತೆ ಕೂಡಿಕೊಂಡಿತು. ಹೆಂಗಸಿನ ಕಣ್ಣು ತೆರೆದಿತ್ತು. ಬಲಗೈ ಮೇಲೆತ್ತಿ, ಮನೆಯಲ್ಲಿಟ್ಟ ಫೋನಿನ ಕಡೆಗೇ ನೋಡುತ್ತಿದ್ದಳು.

“ಕೈ ಎತ್ತಿದ್ರೆ ನೀರು ಬೇಕು ಅಂತ,” ಎಂದ ಅಚ್ಚಿನಣ್ಣ. “ಎಷ್ಟು ಹೊತ್ತಿಂದ ಎತ್ತಿದಾಳೋ.” ಪ್ಲಾಸ್ಟರ್ ಕೈಯಲ್ಲೇ ಜೇಬಿನ ಇನ್ನೊಂದು ಸಣ್ಣ ಫೋನು ತೆಗೆದು ಪಕ್ಕದ ಮನೆಗೆ ಹಚ್ಚಿದ. ಗುಂಡಿಗಳೆಲ್ಲ ಬೆಳ್ಳಗಾದವು.

“ಏನ್ರೀ, ಸಿಕ್ತಾ?” ಯಜಮಾನಿಯ ದನಿ ಹತ್ತಿರವಾಗುತ್ತಿತ್ತು.

ಡಬ್ಬಿ ಮೇಡಂ ಹೋಗಿ ಬಾಗಿಲಿಗೆ ಅಡ್ಡ ನಿಂತಳು. “ಸಿಕ್ತು. ಸರ್ವರ್ ಅಲ್ಲ, ನನ್ನದೇ ತಪ್ಪು. ಹತ್ತು ನಿಮಿಷದಲ್ಲಿ ಸರಿ ಮಾಡ್ಕೊಡ್ತೀನಿ.”

ಹೆಜ್ಜೆಗಳು ನಿಂತವು. “ಹಾಗಾದ್ರೆ ನಾಳೆ ಆ ಹೊಸಬರನ್ನೇ ಬರೋಕೆ ಹೇಳ್ತೀನಿ.”

“ಹೇಳಿ,” ಎಂದಳು. ತುಂಬ ಸುಸ್ತಾಗಿತ್ತು.

ಹೆಜ್ಜೆಗಳು ಹಿಂದಿರುಗಿದ ಮೇಲೆ ಅವಳು ಫೋನಿನತ್ತ ತಿರುಗಿದಳು. ಅಲ್ಲಿ ಬಾಗಿಲು ತೆರೆದು ಪಕ್ಕದ ಮನೆಯಾಕೆ ಲೋಟ ಹಿಡಿದು ಒಳಗೆ ಬಂದಳು. ಮಲಗಿದ್ದವಳ ತಲೆಯ ಕೆಳಗೆ ತೋಳು ಕೊಟ್ಟು ಎಬ್ಬಿಸಿದಳು. ಎತ್ತಿದ್ದ ಕೈ ಕೂಡಲೇ ಇಳಿಯಲಿಲ್ಲ. ಅರ್ಧ ಲೋಟ ಕುಡಿದ ಮೇಲೆ ನಿಧಾನವಾಗಿ ಹೊದಿಕೆಯ ಮೇಲೆ ಬಂತು.