ಕೊನೆಯ ತಿದ್ದುಪಡಿ ಚೀಟಿ

ಅಜ್ಜನ ಎರಡೂ ಕಾಲಿನ ಹೆಬ್ಬೆರಳು ಸೇರಿಸಿ ದಾರ ಸುತ್ತುತ್ತಿದ್ದಾಗ ಮೇಘಾ ತನಗೆ ತಾನೇ ಒಪ್ಪಿಕೊಂಡಳು: ಚೀಟಿ ಇನ್ನೂ ನನ್ನ ಡೈರಿಯಲ್ಲೇ ಇದೆ. ಅಂಟಿಸಿದೆ ಅಂದದ್ದು ಸುಳ್ಳು. ಸಾವಿನ ಮನೆಯಲ್ಲಿ ಕೂತು ಇಷ್ಟು ಸಣ್ಣ ವಿಷಯವನ್ನೇ ನೆನೆಯುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಗಂಟು ಎರಡು ಸಲ ಜಾರಿತು.

ಅಜ್ಜ ಸೂರಪ್ಪ ಚಳ್ಳಕೆರೆಯ ವಕೀಲರೊಬ್ಬರ ಆಫೀಸಿನಲ್ಲಿ ಜವಾನನಾಗಿದ್ದವನು. ಕಾನೂನು ಬದಲಾದಾಗಲೆಲ್ಲ ಪುಸ್ತಕದ ಆಯಾ ಪುಟಕ್ಕೆ ತಿದ್ದುಪಡಿ ಚೀಟಿ ಅಂಟಿಸುವುದು ಅವನ ಕೆಲಸ. ವಕೀಲರು ಕೊಟ್ಟ ಸಂವಿಧಾನದ ಹಳೆಯ ಕನ್ನಡ ಪ್ರತಿಯೊಂದು ಮನೆಯಲ್ಲಿತ್ತು. ಕೆಲಸ ಬಿಟ್ಟು ದೇವಸಮುದ್ರಕ್ಕೆ ಬಂದ ಮೇಲೂ ಪೇಪರು ನೋಡಿ ಚೀಟಿ ಬರೆಯುವುದನ್ನು ಬಿಡಲಿಲ್ಲ. ವೋಟಿನ ವಯಸ್ಸು ಹದಿನೆಂಟಕ್ಕೆ ಇಳಿದದ್ದು, ಮಕ್ಕಳಿಗೆ ಓದು ಹಕ್ಕಾದದ್ದು, ಎಲ್ಲಕ್ಕೂ ಒಂದೊಂದು ಚೀಟಿ. ಅಂಗಡಿ ಗೋಂದು ಒಣಗಿ ಕಳಚುತ್ತದೆಂದು ಅನ್ನದ ಅಗುಳು ಅರೆದೇ ಅಂಟಿಸುತ್ತಿದ್ದ. ಪುಸ್ತಕ ಉಬ್ಬಿ ಉಬ್ಬಿ ಮುಚ್ಚಲು ಬಾರದಂತಾಗಿತ್ತು.

ಒಲೆ ಹಚ್ಚದ ಮನೆಗೆ ಪಕ್ಕದ ಪಾಲಮ್ಮ ಅನ್ನದ ಪಾತ್ರೆ ತಂದಿಟ್ಟಳು. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದ ಗಂಡ ಮಾರಣ್ಣನ ಹತ್ತಿರ ನಿಂತಳು.

"ಗಟ್ಟಿ ಬಿಗಿ. ಕುರ್ಚಿಯಿಂದ ಎಬ್ಸಿದೋನು ಅಂತ ಸಡ್ಲ ಬಿಟ್ಟೀಯಾ."

ಕೂತಿದ್ದವರು ನಕ್ಕರು. ಪಂಚಾಯ್ತಿಯಲ್ಲಿ ಹೆಂಗಸರಿಗೆ ಜಾಗ ಬಂದ ಹೊಸತರಲ್ಲಿ ಗೆದ್ದವಳು ಪಾಲಮ್ಮ. ಮೀಟಿಂಗಿಗೆ ಹೋಗಿ ಅವಳ ಕುರ್ಚಿಯಲ್ಲಿ ಕೂತವನು ಮಾರಣ್ಣ. ಸೂರಪ್ಪ ಪುಸ್ತಕ ಹಿಡಿದು ಒಳಗೆ ನುಗ್ಗಿ, ಚೀಟಿ ಓದಿ, ಏಳಲೇ ಮಾರ ಅಂದಿದ್ದ.

"ಅವತ್ತು ಬೈಕಂಡೆ," ಎಂದ ಮಾರಣ್ಣ ಹಗ್ಗ ಬಿಡದೆ. "ಇವಳು ಕೇರಿಗೆ ನಲ್ಲಿ ತಂದ ಮ್ಯಾಲೆ ಬಾಯಿ ಮುಚ್ಕಂಡೆ. ನೀರು ಕುಡಿವಾಗೆಲ್ಲ ಇವನು ನೆಪ್ಪಾಗ್ತಾನೆ."

* * *

ಅಜ್ಜನ ಕಣ್ಣು ಮಂಜಾದ ಮೇಲೆ ಬರೆಯುವ ಕೆಲಸ ಮೇಘಾಳದಾಯಿತು. ಕೊನೆಯ ಚೀಟಿಯೂ ಅವಳ ಅಕ್ಷರದಲ್ಲೇ ಇದೆ: ಲೋಕಸಭೆಯಲ್ಲಿ, ವಿಧಾನಸಭೆಯಲ್ಲಿ ಹೆಂಗಸರಿಗೆ ಮೂರರಲ್ಲೊಂದು ಪಾಲು.

"ಇದು ಯಾವಾಗ ಜಾರಿಗೆ ಬರುತ್ತಜ್ಜ?"

"ಇನ್ನೂ ತಡ ಐತೆ. ನೀನು ಅಂಟ್ಸಿಡು. ಬಂದಾಗ ಹುಡುಕೋ ಹಂಗಾಗಬಾರದು."

ಅಂದು ಪರೀಕ್ಷೆಯಿತ್ತು. ಚೀಟಿ ಡೈರಿ ಸೇರಿತು. ನಾಳೆ, ನಾಡಿದ್ದು ಎಂದು ಡಿಗ್ರಿಯೇ ಮುಗಿಯಿತು. ಹೋದ ವಾರ ಹಾಸಿಗೆಯಿಂದ ಅಜ್ಜ ಕೇಳಿದ, ಅಂಟ್ಸಿದೇನವ್ವ ಅಂತ. ಹೂಂ ಅಂದಳು. ಅವನು ಅವಳ ಬೆರಳ ತುದಿ ಸವರಿ, ಒಣಗಿದ ಅಂಟೇನೂ ಇಲ್ಲದ್ದು ತಿಳಿಯಿತೋ ಇಲ್ಲವೋ, ಸುಮ್ಮನೆ ಹಿಡಿದುಕೊಂಡೇ ನಿದ್ದೆಹೋದ.

* * *

ಸತ್ತವರ ಇಷ್ಟದ ಒಂದೆರಡು ವಸ್ತು ಜೊತೆಗಿಟ್ಟು ಮಣ್ಣು ಮಾಡುವುದು ಅವರ ಮನೆಯ ಪದ್ಧತಿ. ಮೇಘಾಳ ಅಪ್ಪ ಓಬಳೇಶ ಮೊದಲು ಎಲೆಅಡಿಕೆ ಚೀಲ ಇಟ್ಟ. ಆಮೇಲೆ ಒಳಗಿಂದ ಪುಸ್ತಕ ತಂದು ಅಜ್ಜನ ಎದೆಯ ಮೇಲಿಟ್ಟ.

"ಅಪ್ಪಂಗೆ ಇದರ ಮ್ಯಾಲೇ ಜೀವ. ಜೊತೇಲೇ ಹೋಗ್ಲಿ."

ನಾಲ್ವರು ಬಗ್ಗಿ ಚಟ್ಟದ ಬಿದಿರು ಹಿಡಿದರು. ಮೇಘಾ ಒಳಗೆ ಓಡಿ ಡೈರಿ ತಂದಳು. ಹೊಸ್ತಿಲಲ್ಲಿ ನಿಂತಾಗ ಅಷ್ಟೂ ಜನ ಅವಳತ್ತ ತಿರುಗಿದರು. ಜನರೆದುರು ಅವಳು ಬಾಯಿ ಬಿಟ್ಟವಳೇ ಅಲ್ಲ. ಈಗ ಹೋದರೆ ಪುಸ್ತಕ ಮತ್ತೆ ಕೈಗೆ ಸಿಗುವುದಿಲ್ಲ. ಚಟ್ಟ ನೆಲ ಬಿಟ್ಟಿತು.

"ಅಪ್ಪಾ, ಇಳ್ಸಿ."

ಅವಳ ದನಿ ಅಷ್ಟು ಜೋರಾಗಿ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಚಟ್ಟ ಇಳಿಯಿತು.

"ಆ ಪುಸ್ತಕ ಇನ್ನೂ ಮುಗ್ದಿಲ್ಲ. ಕೊನೇ ಚೀಟಿ ನಾನು ಅಂಟ್ಸಿಲ್ಲ. ಅಜ್ಜಂಗೆ ಸುಳ್ಳು ಹೇಳಿದ್ದೆ."

ಓಬಳೇಶ ಬಗ್ಗಿ, ತಂದೆಯ ಎದೆಯಿಂದ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅಷ್ಟರಲ್ಲಿ ಪಾಲಮ್ಮ ಪಾತ್ರೆಯಿಂದ ನಾಲ್ಕು ಅಗುಳು ತೆಗೆದು, ತನ್ನ ಅಂಗೈಯಲ್ಲೇ ಹೆಬ್ಬೆರಳಿನಿಂದ ನುಣ್ಣಗೆ ಅರೆದು, ಆ ಅಂಗೈಯನ್ನು ಮೇಘಾಳ ಮುಂದೆ ಹಿಡಿದಿದ್ದಳು.