ಬಾಳೆಕಂಬದ ಹಿಂದಿನ ಡಬ್ಬಿ

ವಿಜಯದಶಮಿಯ ಬೆಳಿಗ್ಗೆ ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಗಾಡಿಯೊಂದು ಹಟ ಹಿಡಿದ ಎತ್ತಿನಂತೆ ನಿಂತುಬಿಟ್ಟಿತ್ತು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ, ಶೃಂಗಾರಕ್ಕೇನೂ ಕಡಿಮೆ ಇರಲಿಲ್ಲ. ನಡೆಯಲು ಮಾತ್ರ ಒಲ್ಲೆ ಎನ್ನುತ್ತಿತ್ತು.

ಅದರ ಮುಂದೆ ಲ್ಯಾಪ್‌ಟಾಪ್ ಹಿಡಿದು ಗಾರ್ಗಿ ಕೂತಿದ್ದಳು. ಎರಕದ ಭಾಗಗಳನ್ನು ಹೊತ್ತು ಡ್ರೈವರ್ ಇಲ್ಲದೆ ಓಡಾಡುವ ಈ ಗಾಡಿ, ಕಂಬದ ಮೇಲೆ ಕೂತು ಅದಕ್ಕೆ ದಾರಿ ಹೇಳುವ ವೈರ್‌ಲೆಸ್ ಡಬ್ಬಿ, ಎರಡೂ ಅವಳ ಕೆಲಸ. ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಯಿಂದ ಸ್ಕೂಟರ್ ಹತ್ತಿ ಬಂದು ಇಲ್ಲಿನ ಬಾಗಿಲು ಬಾಗಿಲು ತಟ್ಟಿದಾಗ ಎಲ್ಲರೂ ಚಹಾ ಕೊಟ್ಟು ಕಳಿಸಿದ್ದರು. "ಒಳಗ ಬಾ ತಂಗಿ, ಮಾಡಿ ತೋರ್ಸು" ಎಂದವರು ನಾಗರತ್ನಾ ಒಬ್ಬರೇ. ಗಂಡ ತೀರಿಕೊಂಡ ಮೇಲೆ ವರ್ಕ್‌ಶಾಪು ನಡೆಸುತ್ತಿದ್ದವರು ಅವರೇ. ಪಾಲುದಾರರಾದ ಮೈದುನ ಸಿದ್ದಲಿಂಗಪ್ಪ ಒಪ್ಪಿದ್ದು ಒಂದೇ ಕರಾರಿನ ಮೇಲೆ: ದಶಮಿಯ ಮುಹೂರ್ತದಲ್ಲಿ ಗಾಡಿ ನಡೆದರೆ ಉಳಿಯುತ್ತದೆ, ಇಲ್ಲದಿದ್ದರೆ ಗಾಡಿಯೂ ಡಬ್ಬಿಯೂ ಗಾರ್ಗಿಯ ಜೊತೆ ಧಾರವಾಡಕ್ಕೆ ವಾಪಸು.

"ಏನ್ರಿ ಎಂಜಿನಿಯರ್ ಬಾಯಾರ," ಸಿದ್ದಲಿಂಗಪ್ಪ ಗಡಿಯಾರ ನೋಡಿದರು, "ಮುಹೂರ್ತ ಮುಗ್ಯಾಕ ಬಂತು. ನಿಮ್ಮ ಎತ್ತು ಏಳ್ತೈತೋ ಇಲ್ಲೋ?"

"ಮೊನ್ನಿತನಾ ಛಲೋ ನಡೀತಿತ್ರಿ ಕಾಕಾ."

ಅದು ಖರೆಯೇ. ಆದರೆ ನಿನ್ನೆ ಖಂಡೇ ಪೂಜೆ, ಆಯುಧಗಳ ಪೂಜೆ ಎಂದು ಎಲ್ಲ ಯಂತ್ರಗಳನ್ನೂ ಬಂದ್ ಮಾಡಿದ್ದರು. ಮತ್ತೆ ಚಾಲೂ ಮಾಡಿದಾಗ ಗಾಡಿ ಡಬ್ಬಿಯ ಪರಿಚಯವನ್ನು ಮೊದಲಿನಿಂದ ಮಾಡಿಕೊಳ್ಳಬೇಕು. ಡಬ್ಬಿ ದೀಪದ ಹಾಗೆ ಸುತ್ತಲೂ ಬೆಳಗುವಂಥದ್ದಲ್ಲ. ಕತ್ತಲಲ್ಲಿ ಬ್ಯಾಟರಿ ಹಿಡಿದವರ ಹಾಗೆ ಒಂದೊಂದೇ ದಿಕ್ಕಿಗೆ ಸಿಗ್ನಲ್ಲಿನ ತೆಳುವಾದ ಕಿರಣ, ಅಂದರೆ ಬೀಮ್, ಬಿಡುತ್ತ ಹೋಗುತ್ತದೆ. ಗಾಡಿ ಕಿವಿಗೊಟ್ಟು, ಎಲ್ಲಕ್ಕಿಂತ ಜೋರಾಗಿ ಕೇಳಿಸಿದ ಬೀಮನ್ನು ಆರಿಸಿಕೊಂಡು, ಅದಕ್ಕೆಂದೇ ಮೀಸಲಾದ ಹೊತ್ತಿನಲ್ಲಿ "ಇಲ್ಲಿದ್ದೇನೆ" ಎಂದು ಓಗೊಡಬೇಕು. ಇವತ್ತು ಗಾಡಿಗೆ ಏನೂ ಕೇಳಿಸುತ್ತಿರಲಿಲ್ಲ.

ಗಾರ್ಗಿ ತಲೆಯೆತ್ತಿ ಡಬ್ಬಿಯತ್ತ ನೋಡಿದಳು. ಡಬ್ಬಿಯೇ ಕಾಣಲಿಲ್ಲ. ಅದರ ಮುಂದೆ ಎರಡು ಭಾರೀ ಬಾಳೆಕಂಬಗಳು ಎಲೆ ಹರಡಿ ನಿಂತಿದ್ದವು. ಈ ಜಾತಿಯ ಸಿಗ್ನಲ್ಲಿಗೆ ನೀರೆಂದರೆ ದಾಟಲಾಗದ ಅಡ್ಡಿ. ಬಾಳೆಗೋ ಮೈತುಂಬ ನೀರು.

"ಕಾಕು, ಇವನ್ನ ಯಾರು ಕಟ್ಟಿದ್ರಿ?"

"ನಾನ ಕಟ್ಸೇನಿ," ನಾಗರತ್ನಾ ಹೆಮ್ಮೆಯಿಂದ ಹೇಳಿದರು. "ಮನಿಗೆ ಹೊಸದಾಗಿ ಬಂದದ್ದಲ್ಲ ಅದು? ಲೇಥ್ ಮಶೀನಿಗೂ ಇಷ್ಟು ದೊಡ್ಡು ಕಟ್ಟಿಲ್ಲ. ಯಾಕ, ಏನಾತು?"

ಗಾರ್ಗಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೆಲ್ಲಗೆ ವಿಷಯ ಹೇಳಿದಳು. ಆದರೆ ಆ ವರ್ಕ್‌ಶಾಪಿನಲ್ಲಿ ಕಟ್ಟಿದ ಬಾಳೆಯನ್ನು ಸಂಜೆ ಬನ್ನಿ ಮುಡಿದು ಬರುವವರೆಗೆ ಕದಲಿಸುವಂತಿರಲಿಲ್ಲ. ನಾಗರತ್ನಾ ಅವರ ಗಂಡ ಹಾಕಿಕೊಟ್ಟ ಪದ್ಧತಿ. ಅವರು ಹೋದ ಮೇಲೆ ಒಂದು ವರ್ಷವೂ ತಪ್ಪಿರಲಿಲ್ಲ.

"ಮುಗೀತಲ್ಲ," ಎಂದರು ಸಿದ್ದಲಿಂಗಪ್ಪ.

ನಾಗರತ್ನಾ ಪೂಜೆಯ ಮಣೆಯ ಮೇಲಿದ್ದ ಕುಡುಗೋಲನ್ನೇ ಎತ್ತಿಕೊಂಡು, ಅದರ ಕುಂಕುಮವನ್ನು ಸೆರಗಿನಿಂದ ಒರೆಸಿ ಕಂಬದ ಕಡೆ ನಡೆದರು.

"ವೈನಿ! ಅಣ್ಣ ಇದ್ದಿದ್ರ..."

"ಅವರಿದ್ದಿದ್ರ ತಾವ ಕಡೀತಿದ್ರು. ಪೂಜಿ ಮಾಡೂದು ಕೆಲಸ ನಡೀಲಿ ಅಂತ, ಈ ಹುಡುಗಿ ಕೆಲಸ ನಿಲ್ಲಸಾಕಲ್ಲ." ಧ್ವನಿ ಗಟ್ಟಿಯಾಗಿತ್ತು. ಕಡಿಯುವ ಮುಂಚೆ ಮಾತ್ರ ಬಾಳೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಗಾರ್ಗಿ ಅದನ್ನು ನೋಡಿದಳು. ಹೆತ್ತವರನ್ನು ಬಿಟ್ಟರೆ ತನಗಾಗಿ ಇಷ್ಟು ದೊಡ್ಡದನ್ನು ಬಿಟ್ಟುಕೊಡಲು ಮುಂದಾದವರು ಯಾರೂ ಇರಲಿಲ್ಲ. ಓಡಿಹೋಗಿ ಕುಡುಗೋಲಿನ ಕೈ ಹಿಡಿದಳು.

"ಬ್ಯಾಡ್ರಿ ಕಾಕು. ಚೂರು ತಡೀರಿ. ಬ್ಯಾರೆ ದಾರಿ ಇರಬೇಕು."

ಹಾಗೆಂದದ್ದು ಪ್ರೀತಿಗೆ, ದಾರಿ ಗೊತ್ತಿತ್ತೆಂದಲ್ಲ. ಮತ್ತೆ ಬಂದು ಕೂತು ಸೆಟ್ಟಿಂಗ್ ತೆರೆದಾಗ ತನ್ನದೇ ಜಾಣತನ ಕಣ್ಣಿಗೆ ಹೊಡೆಯಿತು. ಸುತ್ತು ಚಿಕ್ಕದಾಗಿ ಗಾಡಿ ಡಬ್ಬಿಯನ್ನು ಲಗೂ ಸೇರಿಕೊಳ್ಳಲೆಂದು, ಅದು ಎಂದೂ ಹೋಗದ ದಿಕ್ಕಿನ ಬೀಮ್‌ಗಳನ್ನೆಲ್ಲ ಅವಳೇ ಮುಚ್ಚಿದ್ದಳು. ಪಕ್ಕದ ತಗಡಿನ ಗೋಡೆಯ ಕಡೆಯವೂ ಅದರಲ್ಲಿದ್ದವು. ಗೋಡೆಗೆ ಹೇಳಿ ಏನು ಬಂತು ಎಂದುಕೊಂಡಿದ್ದಳು. ಪಂಕ್ತಿಯಲ್ಲಿ ಒಂದು ಸಾಲನ್ನೇ ಬಿಟ್ಟು ಬಡಿಸಿ, ಅವರು ಯಾಕೆ ಉಣ್ಣುತ್ತಿಲ್ಲ ಎಂದು ಕೇಳಿದ ಹಾಗಾಗಿತ್ತು. ತಗಡು ಸಿಗ್ನಲ್ಲನ್ನು ನುಂಗುವುದಿಲ್ಲ, ಮರಳಿ ಎಸೆಯುತ್ತದೆ. ಆ ಬದಿಗೆ ಬಾಳೆಯೂ ಇರಲಿಲ್ಲ.

ಮುಚ್ಚಿದ್ದನ್ನೆಲ್ಲ ತೆರೆದಳು. ಡಬ್ಬಿ ಮತ್ತೆ ಒಂದೊಂದೇ ದಿಕ್ಕಿಗೆ ಬೀಮ್ ಬಿಡತೊಡಗಿತು. ಗೋಡೆಯ ಸರದಿ ಬಂತು. ತಗಡಿಗೆ ತಾಗಿ ಬಳಸಿ ಬಂದ ದನಿ ಗಾಡಿಗೆ ಕೇಳಿಸಿತು, ಗಾಡಿ ಅದೇ ದಾರಿಯಲ್ಲಿ ಓಗೊಟ್ಟಿತು. ಹಸಿರು ದೀಪ ಹತ್ತಿತು. ಮಾಲೆ ಅಲ್ಲಾಡಿಸುತ್ತ ಗಾಡಿ ಹೊರಟೇಬಿಟ್ಟಿತು.

"ಎತ್ತು ಶಾಣ್ಯಾ ಐತಿ," ಎನ್ನುತ್ತ ಸಿದ್ದಲಿಂಗಪ್ಪ ತಾವೇ ಕಾಯಿ ಒಡೆದರು.

ಗಾರ್ಗಿ ನಾಗರತ್ನಾ ಅವರ ಕಾಲಿಗೆರಗಿದಳು. "ನೀವು ಬಾಳಿ ಕಟ್ಟದಿದ್ರ ನನ್ನ ತಪ್ಪು ನನಗ ಗೊತ್ತಾಗ್ತಿದ್ದಿಲ್ರಿ ಕಾಕು. ನಾಳೆ ಅಲ್ಲೊಂದು ಲಾರಿ ನಿಂತಿದ್ರ ಗಾಡಿ ಹಿಂಗ ಕುಂದರ್ತಿತ್ತು. ನಿಮ್ಮ ಉಪಕಾರ ಮರಿಯಂಗಿಲ್ಲ."

"ಏಳು ತಂಗಿ, ನನ್ನ ಬಾಳಿ ಉಳಿಸಿದಾಕಿ ನೀನು," ಎಂದು ಅವರು ಕಣ್ಣೊರೆಸಿಕೊಂಡರು.

ಸಂಜೆ ಬನ್ನಿ ಮುಡಿದು ಬಂದರು. ನಾಗರತ್ನಾ ಗಾರ್ಗಿಯ ಕೈಗೆ ಬನ್ನಿ ಎಲೆಯಿಟ್ಟು "ಬಂಗಾರದ್ಹಂಗ ಇರು" ಎಂದು ಹರಸಿದರು. ಆಮೇಲೆ ಇಬ್ಬರೂ ಸೇರಿ ಬಾಳೆಯ ಹಗ್ಗ ಬಿಚ್ಚಿದರು.

"ಮುಂದಿನ ವರ್ಷಾನೂ ಇಲ್ಲೇ ಕಟ್ರಿ ಕಾಕು. ಇದಕ್ಕಿಂತ ದೊಡ್ಡು."

"ಅಂದ್ರ ಮುಂದಿನ ವರ್ಷಾನೂ ಇಲ್ಲೇ ಇರ್ತಿ?"

ಗಾರ್ಗಿ ಹಗ್ಗ ಸುತ್ತಿ ಎತ್ತಿಡುತ್ತ ಹೇಳಿದಳು: "ಇರ್ತೇನ್ರಿ."