ಫೋನಿನೊಳಗಿನ ಶೇಖವ್ವ

ಶೇಖವ್ವನ ಮೊಣಕಾಲು ಬಾತುಕೊಂಡೇ ಇರುತ್ತದೆ. ಕುಣಿಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದವರೆಗೆ ಏಳುವಂತಿಲ್ಲ, ಎದ್ದರೆ ಮತ್ತೆ ಕೂರುವುದು ಕಷ್ಟ. ಮೇಲಿಂದ ಮೇಲೆ ಹೊರಗೆ ಹೋಗುವುದು ಬೇಡ ಅಂತ ಆಕೆ ನೀರನ್ನೇ ಕಡಿಮೆ ಕುಡಿಯುತ್ತಾಳೆ. ಇಳಕಲ್ಲಿನ ನಮ್ಮ ಓಣಿಯಲ್ಲಿ ಮಗ್ಗಕ್ಕೆ ಕೂರುವ ಹೆಂಗಸರೆಲ್ಲ ಹೀಗೇ. ನಾನೂ ಹೀಗೇ. ನನ್ನ ಹೆಸರು ಭಾಗ್ಯಜ್ಯೋತಿ. ಅವಳ ಮನೆಗೂ ನನ್ನ ಮನೆಗೂ ಒಂದೇ ಗೋಡೆ.

ಅಂಥಾ ಹೆಂಗಸಿನ ಬಾಗಿಲಿಗೆ ಬಂದು ಅವತ್ತು ಒಬ್ಬ ಟೀಚರಬಾಯಿ ಒದರಾಡಿದಳು.

"ಶೇಖವ್ವ ಅಂದ್ರ ಯಾರು? ಹೊರಗ ಬರ್ರಿ! ಮಗಳ ಮದುವಿ ಸೀರಿ ಅಂತ ಪಾವರ್‌ಲೂಮಿಂದು ಕಳಿಸೀರಲ್ಲ, ನಾಚಿಕಿ ಬರೂದಿಲ್ಲೇನು ನಿಮಗ?"

"ನಾ ಎಲ್ಲಿ ಕಳಿಸೇನ್ರಿ ಬಾಯಾರ? ನೀವು ಯಾರಂತ ಸೈತ ನನಗ ಗೊತ್ತಿಲ್ಲ."

"ಸುಳ್ಳ ಹೇಳಬ್ಯಾಡ್ರಿ. ನೀವ ಬರದೀರಿ. ಇಲ್ಲೆ ಐತಿ ನೋಡ್ರಿ."

ಗದ್ದಲ ಕೇಳಿ ಓಡಿಬಂದ ನನ್ನ ಕೈಗೆ ಟೀಚರಬಾಯಿ ತನ್ನ ಫೋನು ಕೊಟ್ಟಳು. ಮೇಲೆ ಶೇಖವ್ವನ ಫೋಟೋ. ಕೆಳಗೆ ಬರೆದಿತ್ತು: "ನಮಸ್ಕಾರ ಅಕ್ಕ. ನಿಮ್ಮ ಮಗಳ ಮದುವೆಯ ಸೀರೆಯನ್ನು ನನ್ನ ಕೈಯಾರೆ ನೇಯುತ್ತಿದ್ದೇನೆ. ಪ್ರತಿ ಎಳೆಯಲ್ಲೂ ನನ್ನ ಆಶೀರ್ವಾದವಿದೆ." ಕೊನೆಗೆ ಕೈ ಮುಗಿದ ಚಿತ್ರ, ಒಂದು ಗುಲಾಬಿ ಹೂವು.

ನಾನು ಓದಿ ಹೇಳಿದೆ. ಶೇಖವ್ವ ಬಾಯಿ ತೆರೆದುಕೊಂಡು ಕೇಳಿದಳು.

"ಯವ್ವಾ! ಬಾಯಾರ, ನನಗ ಸಹಿ ಮಾಡಾಕಷ್ಟ ಬರತೈತಿ. ಇಷ್ಟುದ್ದ ಯಾವಾಗ ಬರಿಲಿ? ಮತ್ತ ಇದು ಯಾವ ಊರ ಮಾತ್ರಿ? ನಾ ಹಿಂಗ ಮಾತಾಡ್ತೇನೇನು?"

ಟೀಚರಬಾಯಿ ನಂಬಲಿಲ್ಲ. ಓಣಿಗೆಲ್ಲ ಕೇಳುವಂತೆ "ಮೋಸಗಾರ್ತಿ" ಅಂದು ಹೊರಟುಹೋದಳು. ಗುಡೂರು, ಹುನಗುಂದ, ಐಹೊಳೆ ಕಡೆಯ ಮದುವೆ ಮನೆಯವರು ಶೇಖವ್ವನ ಹೆಸರು ಹೇಳಿಕೊಂಡು ಬಂದು ಸೀರೆ ಹೇಳಿ ಹೋಗುತ್ತಿದ್ದರು. ಗಂಡ ಸತ್ತಮೇಲೆ ಆಕೆಗೆ ಇದ್ದ ಆಸ್ತಿ ಆ ಹೆಸರೊಂದೇ. ಅದನ್ನೂ ಕದ್ದುಬಿಟ್ಟಿದ್ದರು ಸೂಳೆಮಕ್ಕಳು.

ಕದ್ದವರು ಯಾರು ಅಂತ ಹುಡುಕುವ ಕೆಲಸವೇ ಇರಲಿಲ್ಲ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಆಫೀಸು ಹಾಕಿದ ಕಂಪನಿಯೊಂದು ಆ್ಯಪಿನಲ್ಲಿ ಸೀರೆ ಮಾರುತ್ತದೆ. ನಮಗೆ ನೂಲು ಕೊಟ್ಟು ಸೀರೆ ಒಯ್ಯಲು ಅದರ ಏಜೆಂಟ ದುಂಡೇಶ ಬರುತ್ತಾನೆ. ಅವನೂ ನೇಕಾರರ ಮಗನೇ, ಮೋಟರ್‌ಸೈಕಲ್ ಬಂದಮೇಲೆ ಮರೆತಿದ್ದಾನೆ. ನಮ್ಮ ಫೋಟೋ ಹೊಡೆದು, ನಮ್ಮ ಫೋನಿಗೆ ಆ್ಯಪು ಹಾಕಿದವನು ಅವನೇ. ಅದರಲ್ಲಿ 'ನೇಕಾರರೊಂದಿಗೆ ಮಾತನಾಡಿ' ಅಂತ ಒಂದು ಗುಂಡಿ. ಗಿರಾಕಿ ಅದನ್ನು ಒತ್ತಿ ಏನಾದರೂ ಕೇಳಿದರೆ, ನಾವು ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿದರಾಯಿತು, ಬರೆಯಬೇಕಿಲ್ಲ. ಶೇಖವ್ವನಿಗೆ ಭಾರೀ ಖುಷಿಯಾಗಿತ್ತು. ಬಂದ ಮೆಸೇಜು ನನ್ನಿಂದ ಓದಿಸಿಕೊಂಡು, ಲಾಳಿ ಬಿಟ್ಟು ಫೋನು ಹಿಡಿದು, ಎಲ್ಲಿಯವರೋ ಏನೋ, ಊಟ ಆಯಿತೇನು ಅಂತ ಕೇಳುತ್ತಿದ್ದಳು.

ಒಂದು ದಿನ ಯಾರೋ ಕೇಳಿದರು, ಇಲ್ಲಿರುವ ಸೀರೆಗಳೆಲ್ಲ ಕೈಮಗ್ಗದವೇ ಏನು ಅಂತ.

"ನಂದು ಕೈಮಗ್ಗದ್ದು ನೋಡ ತಂಗಿ. ಉಳಿದದ್ದರಾಗ ಪಾವರ್‌ಲೂಮಿನವು ಭಾಳ ಅದಾವು. ಕೇಳಿ ತಗೋ ನಮ್ಮವ್ವ" ಅಂದಿದ್ದಳು ಶೇಖವ್ವ. ಖರೆ ಹೇಳಿದ್ದಳು, ಅಷ್ಟೇ ಅವಳ ತಪ್ಪು.

ಮರುದಿನ ಓಣಿಯ ಎಲ್ಲರ ಫೋನಿನಿಂದ ಮೈಕಿನ ಗುರುತು ಮಾಯ. ಗಿರಾಕಿಗಳ ಮೆಸೇಜೂ ಬಂದ್. ನೆಟ್‌ವರ್ಕ್ ಇಲ್ಲವೇನೋ ಅಂದುಕೊಂಡು ನಾವು ಮಾಳಿಗೆ ಹತ್ತಿ ಇಳಿದೆವು.

ಟೀಚರಬಾಯಿ ಬಂದು ಹೋದಮೇಲೆ ನಾನು, ಶೇಖವ್ವ ಬಸ್ಸು ಹತ್ತಿ ವಿದ್ಯಾಗಿರಿಗೆ ಹೋದೆವು. ತಣ್ಣಗಿನ ಆಫೀಸು. ಪ್ರೀತಿ ಅಂತ ಒಂದು ಹುಡುಗಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆಯ ಮೇಲೆ ನಮ್ಮ ಓಣಿಯೇ ಇತ್ತು. ಶೇಖವ್ವ, ಇಂದ್ರವ್ವ, ಚಂದವ್ವ, ನಾನು, ಎಲ್ಲರೂ ಸಾಲಾಗಿ ನಗುತ್ತಿದ್ದೆವು. ಆಕೆ ನನ್ನ ಫೋಟೋ ಒತ್ತಿ ಯಾರಿಗೋ "ನಮಸ್ಕಾರ ಅಕ್ಕ" ಅಂತ ಬರೆಯುತ್ತಿದ್ದಳು. ನನ್ನ ಕಣ್ಣೆದುರಿಗೇ! ನನಗೆ ಮೈಯೆಲ್ಲ ಉರಿಯಿತು.

ಹುಡುಗಿ ತಲೆ ಎತ್ತಿದವಳು ಶೇಖವ್ವನನ್ನು ಕಂಡು ಬೆಚ್ಚಿದಳು.

"ನೀವು ಖರೇನ ಅದೀರೇನ್ರಿ? ಎಲ್ಲಿಂದೋ ಫೋಟೋ ತಂದು ಹಾಕ್ಯಾರ ಅಂದ್ಕೊಂಡಿದ್ದೆ."

"ಖರೇನ ಅದೇನವ್ವ. ಕಾಲು ಬಾತಾವು ನೋಡು, ಮುಟ್ಟಿ ನೋಡು" ಅಂದಳು ಶೇಖವ್ವ.

ಒಳಗಿನಿಂದ ಮ್ಯಾನೇಜರ ಸಚಿನ ಬಂದ.

"ಏನ್ರಿ ಅದು ಗದ್ದಲ? ಗಿರಾಕಿ ದೂರದೂರದವ್ರು, ನಿಮ್ಮ ಮಾತು ಅವರಿಗೆ ತಿಳಿಯೂದಿಲ್ಲ. ಅದಕ್ಕ ನಾವು ಚಂದಂಗ ಬರೀತೇವಿ. ಅನುಕೂಲ ನಿಮಗ."

"ನಮ್ಮ ಸೀರಿ ಚಂದ, ನಮ್ಮ ಮಾತು ಹೊಲಸೇನು?" ಅಂದಳು ಶೇಖವ್ವ. "ನನ್ನ ಹೆಸರಿಲೆ ಸುಳ್ಳ ಹೇಳಂತ ನಿನಗ ಯಾರು ಹೇಳ್ಯಾರ?"

"ಆ್ಯಪ್ ಹಾಕುವಾಗ ನೀವ ಒಪ್ಪಿಗಿ ಒತ್ತೀರಿ."

"ಒತ್ತಿದಾಂವ ನಿಮ್ಮ ದುಂಡೇಶ!" ಅಂತ ನಾನು ಚೀರಿದೆ.

"ಎಲ್ಲಾ ಒಂದ ಅದು. ಮತ್ತ ಶೇಖವ್ವಾರ, ನಿಮ್ಮ ಸೀರಿ ಮ್ಯಾಲೆ ಕಂಪ್ಲೇಂಟ್ ಬಂದೈತಿ. ಟೀಚರ್ ಒಬ್ಬರು ಬರದಾರ. ಇನ್ನ ಮುಂದ ನಿಮಗ ನೂಲು ಕೊಡೂದಿಲ್ಲ."

"ಆ ಸೀರಿ ನಾ ನೇಯ್ದಿಲ್ಲೋ ಮಾರಾಯಾ!"

"ನಿಮ್ಮ ಹೆಸರೈತಲ್ರಿ."

ಶೇಖವ್ವ ಪರದೆಯ ಕಡೆ ಬೆರಳು ಮಾಡಿದಳು.

"ಹಂಗಾರ ನನ್ನ ಫೋಟೋ ತಗಿ."

"ಅದನ್ಯಾಕ ತಗೀಲಿ? ಛಲೋ ನಡದೈತಿ ಅದು. ಎಲ್ಲಾರಕಿಂತ ನಿಮ್ಮ ಫೋಟೋಕ್ಕ ಗಿರಾಕಿ ಜಾಸ್ತಿ."

ಅವನು ನಗುತ್ತಾ ಹೇಳಿದ. ನನ್ನ ಚಪ್ಪಲಿ ಕೈಗೆ ಬಂದಿತ್ತು, ಶೇಖವ್ವ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಬಸ್ಸಿನಲ್ಲಿ ಊರು ಬರುವತನಕ ಅತ್ತಳು.

ಓಣಿಯ ಹೆಂಗಸರು ಕೂಡಿದರು. ಇವತ್ತು ಶೇಖವ್ವ, ನಾಳೆ ನಾವು ಅನ್ನುವುದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಮಗ್ಗ ಬಂದ್ ಮಾಡಿದರೆ ಕಂಪನಿಯವರು ಬೇರೆ ಓಣಿಗೆ ಹೋಗುತ್ತಾರೆ ಅಂದಳು ಚಂದವ್ವ. ಆಗ ಮುದುಕಿ ಇಂದ್ರವ್ವ ಬಾಯಿ ಬಿಟ್ಟಳು.

"ಬಂದ್ ಯಾಕ ಮಾಡ್ತೀರೆ? ನೇಯ್ರಿ. ಸೆರಗಷ್ಟ ಕೂಡಿಸಬ್ಯಾಡ್ರಿ."

ನಮ್ಮ ಸೀರೆಯ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕುಣಿಕೆ ಹಾಕಿ ಎರಡನ್ನೂ ಕೈಯಿಂದ ಕೂಡಿಸಬೇಕು. ಕಣ್ಣು ಸೋಲುವ ಕೆಲಸ. ಆ ಕುಣಿಕೆ ನೋಡಿಯೇ ತಿಳಿದವರು ಇದು ಇಳಕಲ್ಲಿನ ಕೈಮಗ್ಗದ್ದು ಅನ್ನುತ್ತಾರೆ. ನೂಲು ನಿಂತ ಶೇಖವ್ವನ ಮನೆ ಬಿಟ್ಟು ಓಣಿಯ ಒಂದೊಂದು ಮನೆಯೂ ಒಡಲು ನೇಯ್ದಿತು, ಕೊಯ್ದಿತು, ಮಡಿಚಿಟ್ಟಿತು. ಸೆರಗಿನ ಕೆಂಪು ರೇಷ್ಮೆ ಬಂದ ಹಾಗೇ ಇತ್ತು.

ದುಂಡೇಶ ಮಾಲು ಒಯ್ಯಲು ಬಂದ. ಶೇಖವ್ವನ ಕಟ್ಟೆಯ ಮೇಲೆ ನಾವೆಲ್ಲ ತಂದಿಟ್ಟ ಗಂಟು ಬಿಚ್ಚಿ ಒಂದು ಸೀರೆ ಹರವಿ ನೋಡಿದ, ಇನ್ನೊಂದು ನೋಡಿದ. ಮುಖ ಬಿಳಚಿಕೊಂಡಿತು.

"ಏನ ಇದು? ಸೆರಗ ಎಲ್ಲೈತಿ? ಮದುವಿ ಆರ್ಡರ್ ಅದಾವ್ರೆ ಇವು, ನನ್ನ ಕುತ್ತಿಗಿಗೆ ಬರತೈತಿ!"

"ರೇಷ್ಮಿ ನಿಂದ ಐತಿ, ಎಣಿಸಿ ತಗೋ" ಅಂದಳು ಇಂದ್ರವ್ವ. "ಕೈ ನಮ್ಮವು."

"ಇಂದ್ರತ್ತಿ, ನೂಲು ಬಂದ್ ಆಗತೈತಿ ನೋಡ! ಎಲ್ಲಾರದೂ!"

ಆ ಆ್ಯಪಿನಲ್ಲಿ ಮಾತಾಡಲು ಬಿಡದಿರುವುದು ನೇಕಾರರಿಗೆ ಮಾತ್ರ. ಗಿರಾಕಿಗೆ ಬಾಗಿಲು ಯಾವಾಗಲೂ ತೆರೆದಿದೆ. ನಾನು ಫೋನು ತೆಗೆದೆ. ಗಿರಾಕಿಯಾಗಿ ಒಳಹೊಕ್ಕು ಶೇಖವ್ವನ ಫೋಟೋ ಒತ್ತಿದೆ. ದುಂಡೇಶನ ಎದುರಿಗೇ ಬರೆದೆ: "ಶೇಖವ್ವಾರ, ನಮ್ಮ ಸೀರಿ ಸೆರಗು ಆತೇನ್ರಿ?"

ಉತ್ತರ ಬರಲು ತಡವಾಗಲಿಲ್ಲ. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದೆ.

"ನಮಸ್ಕಾರ ಅಕ್ಕ. ನಿಮ್ಮ ಸೀರೆಯ ಸೆರಗನ್ನು ನನ್ನ ಕೈಯಾರೆ ನೇಯ್ದು ಈಗಷ್ಟೇ ಮುಗಿಸಿದೆ."

ಶೇಖವ್ವ ಗೋಡೆ ಹಿಡಿದು ಎದ್ದಳು. ಸೆರಗಿಲ್ಲದ ಸೀರೆಗಳನ್ನು ಮತ್ತೆ ಗಂಟು ಕಟ್ಟಿ, ಎತ್ತಿ ದುಂಡೇಶನ ಎದೆಗೆ ಒತ್ತಿದಳು.

"ಕೇಳಿದೇನೋ ತಮ್ಮಾ? ಫೋನಿನಾಗಿನ ಶೇಖವ್ವ ಮುಗಿಸ್ಯಾಳಂತ. ಹೋಗು, ಆಕಿ ಕಡಿಂದನ ಇಸ್ಕೊಂಡು ಹೋಗು."